ಡಾ. ಹೋಮಿ ಭಾಭಾ ಮತ್ತು ಇಮ್ಮಡಿ ಆವೇಶದ ಪ್ರೋಟಾನು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದಾಗ ನಾನು ಡಾ. ಹೋಮಿ ಜಹಾಂಗೀರ್ ಭಾಭಾ ಅವರನ್ನು ಆರಿಸಿಕೊಂಡೆ. ಅವರ ಹೆಸರು ನಮ್ಮೂರಿನಲ್ಲಿ ಯಾರಿಗೂ ಹೊಸದಲ್ಲ. ಭಾರತದ ಅಣುಶಕ್ತಿಯ ಪಿತಾಮಹ ಯಾರು ಎಂದು ಕೇಳಿದರೆ ಏಳನೇ ತರಗತಿಯ ಮಗುವೂ ಥಟ್ಟನೆ ಹೇಳುತ್ತದೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿರುವುದು ಆ ಒಂದು ಸಾಲು ಮಾತ್ರ. ಆದರೆ ರಿಯಾಕ್ಟರು ಕಟ್ಟಿಸುವುದಕ್ಕೆ ಮೊದಲು ಭಾಭಾ ಅವರು ಸುಮಾರು ಆರು ವರ್ಷ ನಮ್ಮ ಬೆಂಗಳೂರಿನಲ್ಲಿದ್ದರು. ಅಲ್ಲಿ ಕುಳಿತು ಲೆಕ್ಕದ ಬಲವೊಂದರಿಂದಲೇ, ಅಲ್ಲಿಯವರೆಗೆ ಯಾರೂ ಕಾಣದಿದ್ದ ಒಂದು ಭಾರದ ಕಣ ಪ್ರಕೃತಿಯಲ್ಲಿ ಇರಬೇಕೆಂದು ಹೇಳಿದ್ದರು. ಹನ್ನೆರಡು ವರ್ಷ ಕಳೆಯುವುದರೊಳಗೆ ಅಂಥ ಕಣದ ಸುಳಿವು ಅಮೆರಿಕದಲ್ಲಿ ಸಿಕ್ಕಿತು. ಇದು ಬಹಳ ಜನರಿಗೆ ತಿಳಿದಿಲ್ಲ. ಈ ಲೇಖನದಲ್ಲಿ ಅವರ ಇಡೀ ಜೀವನವನ್ನು ಚಿಕ್ಕದಾಗಿ ಹೇಳಿ, ಆ ಆರು ವರ್ಷಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಪ್ರಯತ್ನಿಸಿದ್ದೇನೆ.

ಮೈಸೂರು ಸೀಮೆಯ ನಂಟು

ಭಾಭಾ ಅವರು ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸಿರಿವಂತ ಪಾರ್ಸಿ ಮನೆತನದಲ್ಲಿ. ಆದರೆ ಆ ಮನೆತನಕ್ಕೂ ಕನ್ನಡ ನಾಡಿಗೂ ಹಳೆಯ ಸಂಬಂಧವಿತ್ತು. ಅವರ ಅಜ್ಜ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಅಂದರೆ ಸಂಸ್ಥಾನದ ಶಾಲೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರ ಮೊಮ್ಮಗ ಈ ಹೋಮಿ. ತಂದೆ ಜಹಾಂಗೀರ್ ಅವರು ಬೆಳೆದದ್ದು ಬೆಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಕಾನೂನು ಓದಿ ಬಂದು ಕೆಲಕಾಲ ಮೈಸೂರಿನ ನ್ಯಾಯಾಂಗದಲ್ಲಿ ಕೆಲಸ ಮಾಡಿ, ಮದುವೆಯ ನಂತರ ಮುಂಬಯಿಗೆ ಹೋಗಿ ನೆಲೆಸಿದರು. ಹೋಮಿಯ ಸೋದರತ್ತೆ ಮೆಹರ್‌ಬಾಯಿ ಅವರು ಜಮ್‌ಶೇಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಟಾಟಾ ಅವರನ್ನು ಮದುವೆಯಾಗಿದ್ದರು. ಜಮ್‌ಶೇಟ್‌ಜಿಯವರ ಕನಸಿನಂತೆ, ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದೂ ಅದೇ 1909ರಲ್ಲಿ. ಜನ ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಮುಂದೆ ಆ ಸಂಸ್ಥೆಯೇ ಭಾಭಾ ಅವರ ಬದುಕಿನ ದಿಕ್ಕನ್ನು ಬದಲಿಸಿತು.

ಮನೆಯಲ್ಲಿ ದೊಡ್ಡ ಗ್ರಂಥಾಲಯವಿತ್ತು, ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು, ಚಿತ್ರ ಬರೆಯುವುದನ್ನು ಕಲಿಸುವವರಿದ್ದರು. ಹುಡುಗ ಹದಿನಾರು ತುಂಬುವ ಹೊತ್ತಿಗೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಓದಿಕೊಂಡಿದ್ದ. ಇಂಥ ಅನುಕೂಲ ನಮ್ಮ ಶಾಲೆಯಲ್ಲಿ ಓದಿದ ಯಾರಿಗೂ ಇರಲಿಲ್ಲ, ಈಗಿನ ಮಕ್ಕಳಲ್ಲೂ ಹೆಚ್ಚಿನವರಿಗೆ ಇಲ್ಲ. ಇದನ್ನು ಮುಚ್ಚಿಟ್ಟು ಭಾಭಾ ಅವರ ಕಥೆ ಹೇಳಿದರೆ ಅದು ಮಕ್ಕಳಿಗೆ ಮಾಡುವ ಮೋಸ. ಅವರು ಮೇಲಿನ ಮೆಟ್ಟಿಲಿನಿಂದಲೇ ಹತ್ತಲು ಶುರು ಮಾಡಿದವರು. ಹತ್ತಿದ ಮೇಲೆ ಏಣಿಯನ್ನು ಏನು ಮಾಡಿದರು ಎಂಬುದೇ ಅವರ ಜೀವನದಲ್ಲಿ ನೋಡಬೇಕಾದ ಸಂಗತಿ.

ಅಪ್ಪ ಮಗನ ಒಪ್ಪಂದ

1927ರಲ್ಲಿ ಹೋಮಿ ಅವರನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಕಳಿಸಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು. ಓದು ಮುಗಿಸಿ ಬಂದ ಮೇಲೆ ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ ಹಿಡಿಯಲಿ ಎಂಬುದು ತಂದೆಯ ಮತ್ತು ಟಾಟಾ ಮನೆಯವರ ಆಸೆ. ಆದರೆ ಅಲ್ಲಿಗೆ ಹೋದ ಮರುವರ್ಷವೇ ಹೋಮಿ ತಂದೆಗೆ ದೀರ್ಘವಾದ ಪತ್ರ ಬರೆದು, ತನ್ನ ಮನಸ್ಸು ಇರುವುದು ಭೌತಶಾಸ್ತ್ರದಲ್ಲಿ, ಎಂಜಿನಿಯರನಾಗಿ ಬದುಕುವುದು ತನ್ನ ಸ್ವಭಾವಕ್ಕೆ ಒಗ್ಗದು ಎಂದು ತಿಳಿಸಿದರು.

ತಂದೆ ಸಿಟ್ಟು ಮಾಡಿಕೊಂಡು ಹಣ ನಿಲ್ಲಿಸಲಿಲ್ಲ, ಹಾಗೆಂದು ಪೂರ್ತಿ ಬಿಟ್ಟುಕೊಡಲೂ ಇಲ್ಲ. ಎಂಜಿನಿಯರಿಂಗ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಮುಂದೆ ಗಣಿತ ಓದಲು ಖರ್ಚು ಕೊಡುವುದಾಗಿ ಒಪ್ಪಿದರು. ಮಗನೂ ಮೊಂಡು ಹಿಡಿಯದೆ ಬೇಡವಾದ ವಿಷಯವನ್ನು ಶ್ರದ್ಧೆಯಿಂದ ಓದಿ 1930ರಲ್ಲಿ ಪ್ರಥಮ ದರ್ಜೆ ಪಡೆದರು. 1932ರಲ್ಲಿ ಗಣಿತದಲ್ಲೂ ಪ್ರಥಮ ದರ್ಜೆ ಪಡೆದರು. ಇದನ್ನು ಓದುತ್ತಿರುವ ಪಾಲಕರಲ್ಲಿ ನನ್ನದೊಂದು ವಿನಂತಿ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದ ಕೂಡಲೇ ಮಗ ಎಂಜಿನಿಯರ್ ಆಗಲಿ ಎಂದು ಬಯಸುವುದು ತಪ್ಪಲ್ಲ. ನಾನೂ ಬಿ.ಇ. ಓದಿದವನೇ, ಆ ಓದು ನನಗೆ ಅನ್ನ ಕೊಟ್ಟಿದೆ. ಆದರೆ ಮಗುವಿನ ಮನಸ್ಸು ಬೇರೆಡೆ ಇದ್ದರೆ ಅದಕ್ಕೂ ಒಂದು ದಾರಿ ಬಿಡುವ ಒಪ್ಪಂದ ಸಾಧ್ಯ ಎಂಬುದಕ್ಕೆ ಜಹಾಂಗೀರ್ ಭಾಭಾ ಅವರೇ ಉದಾಹರಣೆ.

ಕೇಂಬ್ರಿಡ್ಜಿನಲ್ಲಿ ಅದು ಭೌತಶಾಸ್ತ್ರದ ಸುಗ್ಗಿಯ ಕಾಲ. 1932ರಲ್ಲಿ ಅಲ್ಲಿಯೇ ಚಾಡ್ವಿಕ್ ಅವರು ನ್ಯೂಟ್ರಾನನ್ನು ಕಂಡುಹಿಡಿದರು. ಡಿರಾಕ್ ಅವರಂಥ ಮೇಧಾವಿ ಅಲ್ಲಿ ಪಾಠ ಹೇಳುತ್ತಿದ್ದರು. ವಿದ್ಯಾರ್ಥಿ ವೇತನ ಪಡೆದು ಭಾಭಾ ಅವರು ಜ್ಯೂರಿಕ್‌ನಲ್ಲಿ ಪೌಲಿ ಅವರ ಬಳಿ, ರೋಮಿನಲ್ಲಿ ಎನ್ರಿಕೋ ಫರ್ಮಿ ಅವರ ಬಳಿ ಕೆಲಸ ಮಾಡಿ ಬಂದರು. ಈ ಫರ್ಮಿ ಅವರ ಹೆಸರನ್ನು ಓದುಗರು ನೆನಪಿಡಬೇಕು, ಮುಂದೆ ಬರುತ್ತದೆ. ಎಲೆಕ್ಟ್ರಾನು ಮತ್ತು ಪಾಸಿಟ್ರಾನು ಒಂದಕ್ಕೊಂದು ತಾಗಿ ಚದುರುವುದನ್ನು ಭಾಭಾ ಅವರು 1936ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಭಾಭಾ ಚದುರುವಿಕೆ ಎಂದೇ ಹೆಸರು. 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯೊಡನೆ ಸೇರಿ, ಆಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದು ಒಂದು ಎರಡಾಗಿ, ಎರಡು ನಾಲ್ಕಾಗಿ ಮಳೆಯಂತೆ ಸುರಿಯುವ ಬಗೆಯನ್ನು ವಿವರಿಸಿದರು. ಮೂವತ್ತು ತುಂಬುವ ಮೊದಲೇ ಯುರೋಪಿನಲ್ಲಿ ಅವರಿಗೆ ಹೆಸರು ಬಂದಿತ್ತು.

ರಜೆಗೆ ಬಂದವರು ಇಲ್ಲಿಯೇ ಉಳಿದರು

1939ರಲ್ಲಿ ಭಾಭಾ ಅವರು ರಜೆ ಕಳೆಯಲು ಭಾರತಕ್ಕೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿಗೆ ಮರಳುವ ಯೋಜನೆ ನಿಂತಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗವನ್ನು ನಡೆಸುತ್ತಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅಲ್ಲಿ ಭಾಭಾ ಅವರು ರೀಡರ್ ಆಗಿ ಸೇರಿ, ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕವನ್ನು ಆರಂಭಿಸಿದರು. ವಿಕ್ರಮ್ ಸಾರಾಭಾಯಿ ಅವರೂ ಯುದ್ಧದ ಕಾರಣದಿಂದ ಅದೇ ಆವರಣಕ್ಕೆ ಬಂದಿದ್ದರು. ಮುಂದೆ ಜಗತ್ಪ್ರಸಿದ್ಧ ಗಣಿತಜ್ಞರಾದ ಹರೀಶ್‌ಚಂದ್ರ ಅವರು 1943ರಲ್ಲಿ ಬಂದು ಭಾಭಾ ಅವರ ಜೊತೆ ಕೆಲಸ ಮಾಡಿದರು. ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಬಿ.ಎಸ್. ಮಾಧವರಾವ್ ಅವರು ಭಾಭಾ ಅವರ ಸಮೀಕರಣಗಳ ಹಿಂದಿನ ಬೀಜಗಣಿತವನ್ನು ಬೆಳೆಸಿದರು. ಅಣುಶಕ್ತಿಯ ಪಿತಾಮಹ, ಅಂತರಿಕ್ಷ ಯೋಜನೆಯ ಪಿತಾಮಹ ಮತ್ತು ರಾಮನ್, ಈ ಮೂವರೂ ಏಕಕಾಲಕ್ಕೆ ಬೆಂಗಳೂರಿನ ಒಂದೇ ಆವರಣದಲ್ಲಿದ್ದರು ಎಂಬುದು ನಮಗೆಲ್ಲ ಹೆಮ್ಮೆಯ ಮಾತು.

ಆದರೆ ಕೊರತೆಯೂ ಇತ್ತು. ಕಣಗಳನ್ನು ಒಡೆದು ನೋಡುವ ದೊಡ್ಡ ಯಂತ್ರಗಳು ಇಲ್ಲಿರಲಿಲ್ಲ. ಕೇಂಬ್ರಿಡ್ಜಿನಲ್ಲಿ ದಿನವೂ ಎದುರಿಗೆ ಕುಳಿತು ವಾದಿಸುತ್ತಿದ್ದ ಗೆಳೆಯರು ಸಾವಿರಾರು ಮೈಲಿ ದೂರದಲ್ಲಿದ್ದರು, ನಡುವೆ ಯುದ್ಧ. ಉಳಿದದ್ದು ಲೆಕ್ಕ ಮಾತ್ರ. ಆ ಲೆಕ್ಕದಿಂದಲೇ ಅವರು ತಮ್ಮ ಧೈರ್ಯದ ಊಹೆಯನ್ನು ಮಾಡಿದರು.

ಇರಲೇಬೇಕಾದ ಕಣ

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಪರಮಾಣುವಿನ ನಡುವೆ ಬೀಜಕೇಂದ್ರವಿದೆ. ಅದರಲ್ಲಿ ಧನ ಆವೇಶದ ಪ್ರೋಟಾನು, ಆವೇಶವಿಲ್ಲದ ನ್ಯೂಟ್ರಾನು ಇವೆ ಎಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಇಂಥ ಭಾರದ ಕಣಗಳ ಕುಲಕ್ಕೆ ನಂತರ ಬೇರಿಯಾನ್ ಎಂಬ ಹೆಸರು ಬಂತು. ಅದು ಭಾರ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಆ ಗ್ರೀಕ್ ಪದಕ್ಕೂ ನಮ್ಮ ಗುರು ಎಂಬ ಪದಕ್ಕೂ ಮೂಲ ಧಾತು ಒಂದೇ ಎಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಗುರು ಎಂದರೆ ತೂಕವುಳ್ಳವನು ಎಂಬುದು ನಮ್ಮ ಶಾಲೆಯ ಗುರುಗಳನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಪ್ರೋಟಾನು ನ್ಯೂಟ್ರಾನುಗಳನ್ನು ಹಿಡಿದಿಟ್ಟಿರುವ ಬಲಕ್ಕೆ ಮೆಸಾನ್ ಎಂಬ ಕಣ ಕಾರಣ ಎಂದು ಜಪಾನಿನ ಯುಕಾವಾ ಅವರು 1935ರಲ್ಲಿ ಸೂಚಿಸಿದ್ದರು. ವಿಶ್ವಕಿರಣಗಳಲ್ಲಿ ಅಂಥದೇ ತೂಕದ ಒಂದು ಕಣವೂ ಕಂಡಿತ್ತು. ಮೆಸಾನು ಪ್ರೋಟಾನಿಗೆ ತಾಗಿದರೆ ಎಷ್ಟು ಚದುರಬೇಕು ಎಂದು ಲೆಕ್ಕ ಹಾಕಿದರೆ ಬಹಳ ಹೆಚ್ಚು ಬರುತ್ತಿತ್ತು. ವಿಶ್ವಕಿರಣಗಳಲ್ಲಿ ಕಾಣುತ್ತಿದ್ದ ಕಣವಾದರೋ ಗೋಡೆ ದಾಟಿದ ಗಾಳಿಯಂತೆ ಚದುರದೆ ಸಾಗುತ್ತಿತ್ತು. ಲೆಕ್ಕಕ್ಕೂ ನೋಟಕ್ಕೂ ತಾಳೆಯಾಗುತ್ತಿರಲಿಲ್ಲ.

ಭಾಭಾ ಅವರು ಹೀಗೆ ಯೋಚಿಸಿದರು. ಧನ ಆವೇಶದ ಮೆಸಾನು ಪ್ರೋಟಾನಿಗೆ ತಾಗಿ ಚದುರಲು ಎರಡು ದಾರಿಗಳಿರಬೇಕು. ಒಂದು, ಪ್ರೋಟಾನು ಮೊದಲು ತನ್ನಿಂದೊಂದು ಮೆಸಾನನ್ನು ಹೊರಬಿಟ್ಟು ನ್ಯೂಟ್ರಾನಾಗಿ, ಆಮೇಲೆ ಬಂದ ಮೆಸಾನನ್ನು ನುಂಗುವುದು. ಇನ್ನೊಂದು, ಬಂದ ಮೆಸಾನನ್ನು ಮೊದಲು ನುಂಗಿ ಆಮೇಲೆ ಹೊರಬಿಡುವುದು. ಈ ಎರಡನೆಯ ದಾರಿಯಲ್ಲಿ ನಡುವಿನ ಹಂತದಲ್ಲಿ ಆ ಕಣದ ಆವೇಶ ಒಂದಲ್ಲ, ಎರಡು. ಅಂಥ ಇಮ್ಮಡಿ ಆವೇಶದ ಪ್ರೋಟಾನು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಎಂದುಕೊಂಡರೆ ಎರಡನೆಯ ದಾರಿ ಮುಚ್ಚಿಹೋಗುತ್ತದೆ. ಇದೆ ಎಂದುಕೊಂಡರೆ ಎರಡೂ ದಾರಿ ತೆರೆದು, ಕೆರೆಯಲ್ಲಿ ಎದುರುಬದುರು ಬಂದ ಎರಡು ಅಲೆಗಳ ಉಬ್ಬು ತಗ್ಗು ಒಂದನ್ನೊಂದು ನುಂಗಿದಂತೆ, ಚದುರುವಿಕೆ ಕಡಿಮೆಯಾಗುತ್ತದೆ. ಇದೇ ತರ್ಕದಿಂದ ಋಣ ಆವೇಶದ ಭಾರ ಕಣವೂ ಇರಬೇಕು.

ಇದ್ದರೆ ಅವು ನಮ್ಮ ಸುತ್ತ ಏಕೆ ಕಾಣುವುದಿಲ್ಲ? ಉತ್ತರ ತೂಕದಲ್ಲಿದೆ. ಅವು ಸಾಮಾನ್ಯ ಪ್ರೋಟಾನಿಗಿಂತ ಹೆಚ್ಚು ತೂಗುತ್ತವೆ. ಎತ್ತರದ ನೀರು ತಗ್ಗಿಗೆ ಹರಿಯುವಂತೆ ಭಾರದ ಕಣ ಹಗುರ ಕಣಕ್ಕೆ ಇಳಿಯುತ್ತದೆ. ಹುಟ್ಟಿದ ಕ್ಷಣದಲ್ಲೇ ಅಳಿದು ಹಳೆಯ ಪ್ರೋಟಾನಾಗುತ್ತದೆ. ಈ ವಿಚಾರವನ್ನು ಭಾಭಾ ಅವರು 1940ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, 1941ರಲ್ಲಿ ಅಮೆರಿಕದ ಫಿಜಿಕಲ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಸುಮಾರಿಗೆ ಅವರ ಹಳೆಯ ಜೊತೆಗಾರ ಹೈಟ್ಲರ್ ಅವರೂ ಬೇರೆಯಾಗಿಯೇ ಇದೇ ನಿರ್ಣಯಕ್ಕೆ ಬಂದಿದ್ದರು. ಅದೇ 1941ರಲ್ಲಿ ಭಾಭಾ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಆಗ ಅವರ ವಯಸ್ಸು ಇನ್ನೂ 31.

ತಪ್ಪು ಚೀಲ, ಸರಿಯಾದ ತೂಕ

ಮುಂದೆ ನಡೆದದ್ದು ವಿಚಿತ್ರ. 1947ರಲ್ಲಿ ಪೋವೆಲ್ ಮತ್ತು ಸಂಗಡಿಗರು ಯುಕಾವಾ ಹೇಳಿದ ನಿಜವಾದ ಮೆಸಾನನ್ನು, ಅಂದರೆ ಪಯಾನನ್ನು, ಕಂಡುಹಿಡಿದರು. ಹಾಗಾದರೆ ಅಲ್ಲಿಯವರೆಗೆ ವಿಶ್ವಕಿರಣಗಳಲ್ಲಿ ಕಾಣುತ್ತಿದ್ದದ್ದು ಏನು? ಅದು ಮ್ಯೂಆನ್ ಎಂಬ ಬೇರೆಯೇ ಕಣ. ಅದಕ್ಕೆ ಬೀಜಕೇಂದ್ರದ ಬಲದ ಗೊಡವೆಯೇ ಇಲ್ಲ, ಆದ್ದರಿಂದಲೇ ಅದು ಚದುರುತ್ತಿರಲಿಲ್ಲ. ಅಂದರೆ ಭಾಭಾ ಅವರ ಎದುರಿಗಿದ್ದ ಒಗಟೇ ಬೇರೆ ಕಣದ್ದಾಗಿತ್ತು. ಗದಗಿನ ಮಾರುಕಟ್ಟೆಯಲ್ಲಿ ಹೆಸರಿನ ಚೀಲವೆಂದು ಕಡಲೆಯ ಚೀಲವನ್ನು ತಕ್ಕಡಿಗೆ ಏರಿಸಿದಂತೆ.

ಹಾಗೆಂದು ಊಹೆ ಬಿದ್ದುಹೋಗಲಿಲ್ಲ. ರೋಮಿನಲ್ಲಿ ಭಾಭಾ ಅವರು ಯಾರ ಬಳಿ ಕೆಲಸ ಮಾಡಿದ್ದರೋ ಅದೇ ಫರ್ಮಿ ಅವರು ಅಷ್ಟರಲ್ಲಿ ಅಮೆರಿಕದ ಶಿಕಾಗೋದಲ್ಲಿದ್ದರು. 1951 ಮತ್ತು 1952ರಲ್ಲಿ ಅವರೂ ಅವರ ಸಂಗಡಿಗರೂ ಅಲ್ಲಿನ ಸೈಕ್ಲೋಟ್ರಾನಿನಿಂದ ನಿಜವಾದ ಪಯಾನುಗಳನ್ನು ಪ್ರೋಟಾನುಗಳ ಮೇಲೆ ಹಾಯಿಸಿ ನೋಡಿದರು. ಪಯಾನಿನ ಶಕ್ತಿ ಏರಿಸಿದಂತೆ ಚದುರುವಿಕೆಯೂ ಏರುತ್ತಾ ಹೋಯಿತು. ಧನ ಆವೇಶದ ಪಯಾನುಗಳಲ್ಲಂತೂ ಬಹಳವೇ ಹೆಚ್ಚಿತು. ಪಯಾನು ಪ್ರೋಟಾನು ಒಂದಾಗಿ ಕ್ಷಣಮಾತ್ರ ಬಾಳುವ ಹೊಸ ಕಣವೊಂದರ ಸುಳಿವು ಅದು. ಅದರ ಆವೇಶ ಎರಡು! ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಅದು ಖಚಿತವಾಯಿತು. ಇಂದು ಅದನ್ನು ಡೆಲ್ಟಾ ಎಂದು ಕರೆಯುತ್ತಾರೆ. ಕಣಗಳ ತೂಕವನ್ನು ಮೆಗಾ ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯಲ್ಲಿ ಹೇಳುವ ರೂಢಿ. ಆ ಅಳತೆಯಲ್ಲಿ ಪ್ರೋಟಾನಿನ ತೂಕ 938, ಡೆಲ್ಟಾದ ತೂಕ 1232. ಡೆಲ್ಟಾ ಕುಟುಂಬದಲ್ಲಿ ನಾಲ್ವರಿದ್ದಾರೆ: ಆವೇಶ ಎರಡರದು, ಒಂದರದು, ಸೊನ್ನೆಯದು, ಮತ್ತು ಋಣ ಒಂದರದು. ಬೆಂಗಳೂರಿನಲ್ಲಿ ಕುಳಿತು ಭಾಭಾ ಅವರು ಇರಬೇಕೆಂದ ಇಬ್ಬರೂ ಆ ಕುಟುಂಬದಲ್ಲಿದ್ದಾರೆ.

ಮೆಟ್ಟಿಲು ಏರಿದ ಲೆಕ್ಕ

ಡೆಲ್ಟಾದ ನಂತರ ಬೇರಿಯಾನುಗಳ ತೂಕವನ್ನು ಮೊದಲೇ ಹೇಳುವುದು ಒಂದು ದೊಡ್ಡ ವಿದ್ಯೆಯಾಗಿ ಬೆಳೆಯಿತು. ಅದರ ಒಂದು ಉದಾಹರಣೆ ಹತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುತ್ತದೆ. ಡೆಲ್ಟಾದ ತೂಕ 1232. ಅದರ ಬಳಗದ ಮುಂದಿನ ಕಣದ್ದು ಸುಮಾರು 1385, ಅದರಾಚೆಯದು ಸುಮಾರು 1533. ವ್ಯತ್ಯಾಸ ನೋಡಿದರೆ ಪ್ರತಿ ಮೆಟ್ಟಿಲಿಗೂ ಹತ್ತಿರ ಹತ್ತಿರ 150. ನಮ್ಮ ಗಣಿತ ಪುಸ್ತಕದ ಸಮಾಂತರ ಶ್ರೇಢಿಯೇ ಇದು. ಹಾಗಾದರೆ ನಾಲ್ಕನೆಯ ಪದ ಎಷ್ಟು? ಸುಮಾರು 1680. ಅಮೆರಿಕದ ಮರ್ರಿ ಗೆಲ್‌ಮನ್ ಅವರು 1962ರಲ್ಲಿ ಇಂಥ ಒಂದು ಕಣ ಸಿಗಬೇಕೆಂದು ಹೇಳಿದರು. 1964ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಅದು ಸಿಕ್ಕಿತು. ಅದರ ಹೆಸರು ಒಮೆಗಾ, ಇಂದಿನ ಅಳತೆಯಂತೆ ತೂಕ 1672.

ಈ ಮೆಟ್ಟಿಲಿನ ಗುಟ್ಟು ಕ್ವಾರ್ಕುಗಳಲ್ಲಿದೆ. ಪ್ರತಿ ಬೇರಿಯಾನಿನಲ್ಲೂ ಮೂರು ಕ್ವಾರ್ಕುಗಳು. ಒಂದು ಹಗುರ ಕ್ವಾರ್ಕಿನ ಜಾಗದಲ್ಲಿ ಸ್ಟ್ರೇಂಜ್ ಎಂಬ ಭಾರದ ಕ್ವಾರ್ಕು ಬಂದರೆ ಒಂದು ಮೆಟ್ಟಿಲು ಏರುತ್ತದೆ. ಮುಂದೆ ಚಾರ್ಮ್, ಬಾಟಮ್ ಎಂಬ ಇನ್ನೂ ಭಾರದ ಕ್ವಾರ್ಕುಗಳು ತಿಳಿದವು. ಬಾಟಮ್ ಕ್ವಾರ್ಕು ಸೇರಿದ ಲ್ಯಾಂಬ್ಡಾ ಬೇರಿಯಾನಿನ ತೂಕ ಸುಮಾರು 5620, ಅಂದರೆ ಆರು ಪ್ರೋಟಾನುಗಳಷ್ಟು! ಎರಡು ಚಾರ್ಮ್ ಕ್ವಾರ್ಕುಗಳಿರುವ ಬೇರಿಯಾನನ್ನು ಜಿನೀವಾದ ಸರ್ನ್ ಪ್ರಯೋಗಾಲಯದವರು 2017ರಲ್ಲಿ ಪ್ರಕಟಿಸಿದರು. ಅದರ ತೂಕ 3621. ಅದರ ಆವೇಶವೂ ಎರಡು.

ಇವುಗಳ ತೂಕ ಹೇಳುವುದು ಏಕೆ ಕಷ್ಟವೆಂದರೆ, ಭಾಗಗಳನ್ನು ಕೂಡಿಸಿದರೆ ಇಡೀ ಬರುವುದಿಲ್ಲ. ಪ್ರೋಟಾನಿನ ಒಳಗಿನ ಮೂರು ಕ್ವಾರ್ಕುಗಳ ತೂಕ ಒಟ್ಟು ಸುಮಾರು 9 ಮಾತ್ರ, ಪ್ರೋಟಾನಿನದು 938. ಮೂರು ಶೇಂಗಾ ಕಾಳು ಒಂದು ಗ್ರಾಂ ತೂಗಿ, ಸಿಪ್ಪೆ ಸಹಿತ ಕಾಯಿ ನೂರು ಗ್ರಾಂ ತೂಗಿದಂತೆ. ಉಳಿದದ್ದೆಲ್ಲ ಕ್ವಾರ್ಕುಗಳ ಓಡಾಟ ಮತ್ತು ಅವನ್ನು ಬಿಗಿದಿಟ್ಟ ಬಲದ ಶಕ್ತಿ. ಶಕ್ತಿಯೇ ತೂಕವಾಗಿ ಕಾಣುತ್ತದೆ ಎಂದು ಐನ್‌ಸ್ಟೈನ್ ತೋರಿಸಿದ್ದು ಇದನ್ನೇ. ಈ ಲೆಕ್ಕವನ್ನು ಕೈಯಿಂದ ಮಾಡಲು ಆಗದು. ಸ್ಥಳವನ್ನೂ ಕಾಲವನ್ನೂ ಬಲೆಯ ಕಣ್ಣುಗಳಂತೆ ಚೌಕ ಚೌಕವಾಗಿ ವಿಂಗಡಿಸಿ ಭಾರಿ ಕಂಪ್ಯೂಟರುಗಳಲ್ಲಿ ತಿಂಗಳುಗಟ್ಟಲೆ ಲೆಕ್ಕ ನಡೆಸಬೇಕು. ಸರ್ನ್‌ನಲ್ಲಿ ಕಣ ಸಿಗುವ ಮೊದಲೇ ಇಂಥ ಲೆಕ್ಕಗಳು 3600ರ ಆಸುಪಾಸಿನ ಸಂಖ್ಯೆಯನ್ನು ಹೇಳಿದ್ದವು. ಸಾಫ್ಟ್‌ವೇರ್ ಬರೆಯುವ ನನಗೆ ಇದು ವಿಶೇಷ ಖುಷಿ ಕೊಡುವ ಸಂಗತಿ. ಇನ್ನೂ ಯಾರೂ ಕಾಣದ ಭಾರದ ಬೇರಿಯಾನುಗಳ ತೂಕವನ್ನು ಹೀಗೆ ಲೆಕ್ಕ ಹಾಕುವ ತಂಡಗಳಲ್ಲಿ ಒಂದು ಇರುವುದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆಯನ್ನು ಕಟ್ಟಿದವರು ಭಾಭಾ.

ಲೆಕ್ಕದ ಮೇಜಿನಿಂದ ಸಂಸ್ಥೆಯ ಕಡೆಗೆ

ತಮ್ಮ ಊಹೆಯನ್ನು ತಾವೇ ಪರೀಕ್ಷಿಸಿ ನೋಡುವ ಯಂತ್ರ ಭಾಭಾ ಅವರ ಬಳಿ ಇರಲಿಲ್ಲ. ಊಹೆ ಹುಟ್ಟಿದ್ದು ಬೆಂಗಳೂರಿನಲ್ಲಿ, ತಕ್ಕಡಿ ಇದ್ದದ್ದು ಶಿಕಾಗೋದಲ್ಲಿ. ಇಂದು ಡೆಲ್ಟಾದ ಹೆಸರು ಬಂದಾಗ ಜಗತ್ತು ಫರ್ಮಿ ಅವರನ್ನು ನೆನೆಯುತ್ತದೆ, ಭಾಭಾ ಅವರನ್ನು ನೆನೆಯುವವರು ವಿರಳ. ಈ ಕೊರತೆ ಅವರನ್ನು ಕಾಡಿರಬೇಕು ಎಂದು ನನಗನ್ನಿಸುತ್ತದೆ. ಬೆಂಗಳೂರಿನಲ್ಲಿದ್ದಾಗಲೇ ಅವರು ಅಮೆರಿಕದ ಸೇನಾ ವಿಮಾನಗಳಲ್ಲಿ ಉಪಕರಣಗಳನ್ನು ಕಳಿಸಿ, 30,000 ಅಡಿ ಎತ್ತರದವರೆಗೆ ವಿಶ್ವಕಿರಣಗಳನ್ನು ಅಳೆಸಿದ್ದರು. ಯುದ್ಧ ಮುಗಿದ ಮೇಲೆ ಯುರೋಪಿಗೆ ಮರಳಿ ಸುಖವಾಗಿ ಇರಬಹುದಿತ್ತು. ಅದನ್ನು ಬಿಟ್ಟು 1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದರು. ದೇಶದಲ್ಲಿ ಮೂಲಭೂತ ಭೌತಶಾಸ್ತ್ರಕ್ಕೆ ಒಂದು ಶ್ರೇಷ್ಠ ಕೇಂದ್ರ ಬೇಕು, ಅಣುಶಕ್ತಿ ಬಳಕೆಗೆ ಬರುವ ದಿನ ತಜ್ಞರಿಗಾಗಿ ನಾವು ಹೊರದೇಶದ ಕಡೆ ನೋಡುವಂತಾಗಬಾರದು ಎಂಬುದು ಅದರ ಸಾರಾಂಶ. ಜಪಾನಿನ ಮೇಲೆ ಬಾಂಬು ಬೀಳುವುದಕ್ಕೆ ಒಂದು ವರ್ಷಕ್ಕೂ ಮೊದಲು ಬರೆದ ಪತ್ರವಿದು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಆರಂಭವಾದದ್ದು ಬೆಂಗಳೂರಿನಲ್ಲೇ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೆ ಹೋಯಿತು. ಭಾಭಾ ಅವರೂ ಹೋದರು. 1948ರಲ್ಲಿ ಅಣುಶಕ್ತಿ ಆಯೋಗ ರಚನೆಯಾಗಿ ಅವರು ಅದರ ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ ಬಂತು. 1955ರಲ್ಲಿ ಜಿನೀವಾದಲ್ಲಿ ನಡೆದ ಅಣುಶಕ್ತಿಯ ಶಾಂತಿಯುತ ಬಳಕೆಯ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ಆಗಸ್ಟಿನಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರು ಚಾಲೂ ಆಯಿತು. ಈ ಭಾಗ ಎಲ್ಲ ಪುಸ್ತಕಗಳಲ್ಲೂ ಇರುವುದರಿಂದ ಬೆಳೆಸುವುದಿಲ್ಲ. ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಸಂಗತಿ ಮಾತ್ರ ಹೇಳುತ್ತೇನೆ. 1960ರಲ್ಲಿ ಅದೇ ಸಂಸ್ಥೆಯವರು ದೇಶದಲ್ಲೇ ರೂಪಿಸಿದ ಕಂಪ್ಯೂಟರನ್ನು ಕಟ್ಟಿ ನಿಲ್ಲಿಸಿದರು. ಟಿಫ್ರಾಕ್ ಎಂಬ ಹೆಸರನ್ನು ಅದಕ್ಕೆ 1962ರಲ್ಲಿ ಕೊಟ್ಟರು. ಇಂದು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದುಡಿಯುವ ನಮ್ಮಂಥವರಿಗೆ ಅದು ಒಂದು ರೀತಿಯಲ್ಲಿ ಮೂಲಪುರುಷ.

ಇದರ ಬೆಲೆಯನ್ನು ಭಾಭಾ ಅವರೇ ತೆತ್ತರು. ಸಂಸ್ಥೆಗಳು ಬೆಳೆದಂತೆ ಅವರ ಸ್ವಂತ ಸಂಶೋಧನೆ ಕಡಿಮೆಯಾಗಿ, ಕೊನೆಗೆ ಹೆಚ್ಚುಕಡಿಮೆ ನಿಂತೇಹೋಯಿತು. ಭೌತಶಾಸ್ತ್ರಕ್ಕಾಗಿ ತಂದೆಯೊಡನೆ ಒಪ್ಪಂದ ಮಾಡಿಕೊಂಡ ಹುಡುಗ ನಡುವಯಸ್ಸಿನಲ್ಲಿ ಇತರರು ಭೌತಶಾಸ್ತ್ರ ಮಾಡಲೆಂದು ಕಡತಗಳನ್ನು ನೋಡುತ್ತಾ ಕುಳಿತರು. ಮದುವೆಯಾಗಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು, ಸಂಗೀತ ಕೇಳುತ್ತಿದ್ದರು, ಸಂಸ್ಥೆಯ ತೋಟದ ಒಂದೊಂದು ಗಿಡವನ್ನೂ ತಾವೇ ನಿಂತು ನೆಡಿಸುತ್ತಿದ್ದರು.

ಕೋಲಾರದ ನೆಲದಡಿಯಲ್ಲಿ

ಏಣಿಯನ್ನು ಏನು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೋಲಾರದಲ್ಲಿದೆ. ಮೈಸೂರು ಸೀಮೆಯ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಎಂಬ ತರುಣರು 1948ರಲ್ಲಿ ಭಾಭಾ ಅವರ ಸಂಸ್ಥೆಗೆ ಸೇರಿದರು. ಭಾಭಾ ಅವರು ಆ ತರುಣರನ್ನು ಕೋಲಾರ ಚಿನ್ನದ ಗಣಿಗೆ ಕಳಿಸಿದರು. ನೆಲದ ಆಳಕ್ಕೆ ಇಳಿದಂತೆ ವಿಶ್ವಕಿರಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುವುದು ಕೆಲಸ. 1951ರಲ್ಲಿ ಶುರುವಾದ ಆ ಕೆಲಸ ಬೆಳೆದು, 1965ರಲ್ಲಿ ನೆಲದಡಿ 2.3 ಕಿಲೋಮೀಟರ್ ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಗುರುತಿಸುವವರೆಗೆ ಬಂತು. ಜಗತ್ತಿನಲ್ಲಿ ಅವನ್ನು ಮೊದಲು ಕಂಡವರ ಸಾಲಿನಲ್ಲಿ ಕೋಲಾರದ ಹೆಸರಿದೆ. ಅದೇ ಗಣಿಯಲ್ಲಿ 1980ರ ದಶಕದಲ್ಲಿ, ಎಲ್ಲ ಬೇರಿಯಾನುಗಳಲ್ಲಿ ಅತಿ ಹಗುರವಾದ ಪ್ರೋಟಾನು ಎಂದಾದರೂ ತಾನಾಗಿಯೇ ಅಳಿಯುತ್ತದೆಯೇ ಎಂದು ವರ್ಷಗಟ್ಟಲೆ ಕಾದು ನೋಡಿದರು. ಅದು ಅಳಿದದ್ದು ಇಂದಿಗೂ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಕಂಡಿಲ್ಲ. ಶ್ರೀಕಂಠನ್ ಅವರು ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಬೆಂಗಳೂರಿನಲ್ಲಿದ್ದಾಗ ಇಲ್ಲದ ತಕ್ಕಡಿಯನ್ನು ಭಾಭಾ ಅವರು ಕೊನೆಗೆ ಕನ್ನಡ ನೆಲದ ಒಳಗೇ ಕಟ್ಟಿಸಿದರು, ಅದರ ಮುಂದೆ ನಮ್ಮ ಹುಡುಗರನ್ನು ಕೂರಿಸಿದರು.

1966ರ ಜನವರಿ 24ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ, ಭಾಭಾ ಅವರಿದ್ದ ಏರ್ ಇಂಡಿಯಾ ವಿಮಾನ ಯುರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 117 ಜನರೂ ಅಸುನೀಗಿದರು. ಅವರಿಗೆ ಆಗ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಗೆ ಹೋದ ಅವರ ಸಂಸ್ಥೆ ಮತ್ತೆ ಬೆಂಗಳೂರಿಗೂ ಚಾಚಿದೆ. ಅದರ ಜೀವವಿಜ್ಞಾನ ಕೇಂದ್ರ, ಸೈದ್ಧಾಂತಿಕ ವಿಜ್ಞಾನ ಕೇಂದ್ರಗಳು ಇಂದು ಅಲ್ಲಿವೆ.

ನಮ್ಮ ಶಾಲೆಗೆ ಒಂದು ಸಲಹೆ

ದೊಡ್ಡ ವಿಚಾರಗಳು ದೊಡ್ಡ ಊರಿನಲ್ಲೇ ಹುಟ್ಟುತ್ತವೆ ಎಂಬ ಮಾತು ಪೂರ್ತಿ ನಿಜವಲ್ಲ. 1940ರಲ್ಲಿ ಕಣವಿಜ್ಞಾನದ ಭೂಪಟದಲ್ಲಿ ಬೆಂಗಳೂರೂ ಒಂದು ಮೂಲೆಯೇ. ಆದರೆ ವಿಚಾರ ಹುಟ್ಟಿದ ಮೇಲೆ ಅದನ್ನು ತೂಗಿ ನೋಡಲು ತಕ್ಕಡಿ ಬೇಕು, ಅದನ್ನು ಒಬ್ಬರು ಕಟ್ಟಿಕೊಡಬೇಕು ಎಂಬುದು ಅಷ್ಟೇ ನಿಜ. ನಮ್ಮೂರಿಗೆ ಇದು ಹೊಸ ಪಾಠವೂ ಅಲ್ಲ. ಕೋಟುಮಚಗಿಯ 1012ರ ಶಾಸನದಲ್ಲಿ ವಿದ್ಯೆ ಕಲಿಸುವವರ ಜೀವನಕ್ಕೆಂದು ಭೂಮಿ ಬಿಟ್ಟುಕೊಟ್ಟ ಉಲ್ಲೇಖವಿದೆ. ಸಾವಿರ ವರ್ಷದ ಹಿಂದೆಯೇ ಈ ಎರೆಹೊಲದ ಆದಾಯದಲ್ಲಿ ಒಂದು ಪಾಲು ಓದಿಗೆ ಹೋಗುತ್ತಿತ್ತು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆ ಇಡುತ್ತೇನೆ. ಭಾಭಾ ಅವರು ಲೆಕ್ಕ ಮಾಡುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ತನ್ನ ಬಾಗಿಲು ತೆರೆಯುತ್ತದೆ. ಪ್ರವೇಶಕ್ಕೆ ಶುಲ್ಕವಿಲ್ಲ. ಪ್ರಯೋಗಾಲಯಗಳ ಒಳಗೆ ಹೋಗಿ ಯಂತ್ರಗಳನ್ನು ನೋಡಬಹುದು, ಸಂಶೋಧಕರನ್ನು ಪ್ರಶ್ನೆ ಕೇಳಬಹುದು, ಕನ್ನಡದಲ್ಲೇ ಉತ್ತರ ಕೊಡುವವರೂ ಸಿಗುತ್ತಾರೆ. ಬೆಂಗಳೂರಿನಲ್ಲಿರುವ ನಾವೆಲ್ಲ ಸೇರಿ ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು, ಇಬ್ಬರು ಗುರುಗಳ ಜೊತೆ, ಗದಗಿನಿಂದ ರೈಲಿನಲ್ಲಿ ಕರೆಸಿಕೊಂಡು ಆ ದಿನ ಅಲ್ಲಿ ಸುತ್ತಾಡಿಸಿ ಕಳಿಸೋಣ. ರೈಲಿನ ಖರ್ಚು, ಊಟ, ರಾತ್ರಿ ಉಳಿಯುವ ವ್ಯವಸ್ಥೆ ನಮ್ಮ ಪಾಲಿಗಿರಲಿ. ಮುಂದಿನ ವರ್ಷದ ತಂಡಕ್ಕೆ ನನ್ನ ಪಾಲನ್ನು ಈ ಸಂಚಿಕೆಯ ಮೂಲಕವೇ ಬರೆಸುತ್ತಿದ್ದೇನೆ. ಉಳಿದವರು ಮುಖ್ಯೋಪಾಧ್ಯಾಯರ ಬಳಿ ಹೆಸರು ಕೊಡಬೇಕೆಂದು ವಿನಂತಿ.